ಟ್ರಂಕಿನ ಮೇಲಿನ ಹೆಸರು

ಬೆಟಗೇರಿ
೩ ಜನವರಿ ೧೯೫೦

ಅಕ್ಕ ಸಾವಿತ್ರೆವ್ವಗೆ ತಂಗಿ ನೀಲಗಂಗಾ ಮಾಡುವ ಶರಣು.

ಮುಂಡರಗಿಯಲ್ಲಿ ಕೂತು ನೀನು ಸ್ವಲ್ಪ ಹೊಟ್ಟೆಕಿಚ್ಚು ಪಡಬೇಕು ಎಂದೇ ಈ ಕಾಗದ ಬರೆಯುತ್ತಿದ್ದೇನೆ. ಪಾಸ್‌ಪೋರ್ಟು ಬಂತು. ಒಂದೇ ಪುಸ್ತಕ, ಅದರಲ್ಲಿ ಇಬ್ಬರ ಫೋಟೋ. ಆಫ್ರಿಕಾದ ಯುಗಾಂಡಾದಲ್ಲಿ ಗುಜರಾತಿ ಸೇಠರೊಬ್ಬರ ಹತ್ತಿಯ ಬೀಜ ಬಿಡಿಸುವ ಜಿನ್ನು ಇದೆ. ಅಲ್ಲಿ ಇವರಿಗೆ ಮೇಲ್ವಿಚಾರಕರ ಕೆಲಸ. ಇಲ್ಲಿಯ ಜಿನ್ನಿನಲ್ಲಿ ಇಂಜಿನು ನೋಡಿಕೊಳ್ಳುವ ಫಕ್ರುಸಾಬ ಮತ್ತು ಅವನ ಹೆಂಡತಿ ರಮಜಾನಬಿ ಕೂಡ ಅದೇ ಹಡಗಿಗೆ ಬರುತ್ತಾರೆ. ಆ ರಮಜಾನಬಿ ನೆನಪಿದ್ದಾಳಲ್ಲ, ನನ್ನ ಮದುವೆಯಲ್ಲಿ ಬಳೆ ತೊಡಿಸಲು ಬಂದವಳು.

ಫೋಟೋದ ಕಥೆ ಕೇಳು. ಸರ್ಕಾರಕ್ಕೆ ಕಿವಿ ಕಾಣಬೇಕಂತೆ, ಸೆರಗು ಹಿಂದಕ್ಕೆ ಸರಿಸಿರಿ ಎಂದ ಫೋಟೋದ ಮರ್ದಾನಸಾಬ. ಅತ್ತೆ ಅನ್ನಪೂರ್ಣವ್ವ ನನ್ನ ಮಗ್ಗುಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹಿಂದೆ ಸರಿಸುವುದು, ಅವರು ಮುಂದೆ ಎಳೆಯುವುದು. ಕೊನೆಗೆ ಒಂದು ಕಿವಿ ಬಂದಿದೆ, ಇನ್ನೊಂದು ಇಲ್ಲ. ಅಂಚಿನಲ್ಲಿ ಅತ್ತೆಯ ಬೆರಳುಗಳೂ ಬಂದಿದ್ದವಂತೆ, ಅಷ್ಟನ್ನು ಕತ್ತರಿಸಿ ಹಚ್ಚಿದ್ದಾರೆ.

ಆಮೇಲೆ ದವಾಖಾನೆಯಲ್ಲಿ ಇಬ್ಬರಿಗೂ ಸೂಜಿ ಹಾಕಿದರು. ನಾನು ತುಟಿ ಕಚ್ಚಿ ಹಾಕಿಸಿಕೊಂಡೆ. ಇವರು ಸೂಜಿ ನೋಡಿಯೇ ಕಣ್ಣು ತೇಲಿಸಿದರು. ನಾನು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದರು. ಯಾರಿಗೂ ಹೇಳಬೇಡ ಅಂದಿದ್ದಾರೆ, ನಿನಗೆ ಮಾತ್ರ ಹೇಳಿದ್ದೇನೆ.

ಹಸಿರು ಬಣ್ಣದ ಕಬ್ಬಿಣದ ಟ್ರಂಕು ತಂದಿದ್ದಾರೆ. ಒಂದು ಬದಿಗೆ ಇಂಗ್ಲಿಷಿನಲ್ಲಿ, ಇನ್ನೊಂದು ಬದಿಗೆ ಕನ್ನಡದಲ್ಲಿ ಬಿಳಿ ಅಕ್ಷರದಲ್ಲಿ ಅವರ ಹೆಸರು ಬರೆಸಿದ್ದಾರೆ. ಒಳಗೆ ತುಂಬಿದ್ದು ನನ್ನ ಸೀರೆ, ನನ್ನ ಶೇಂಗಾ ಚಟ್ನಿ, ನನ್ನ ಹಪ್ಪಳ. ನನ್ನ ಹೆಸರೂ ಬರೆಸಬಾರದಿತ್ತೇ ಅಂದೆ. ಜಾಗ ಸಾಲಲಿಲ್ಲವಂತೆ.

ನನಗೆ ಹೆದರಿಕೆಯಿಲ್ಲ, ಅಕ್ಕ. ನಿನ್ನೆ ಇವರು ಹೊಸ ಚಪ್ಪಲಿ ತಂದು, ತಾವೇ ಬಗ್ಗಿ ನನ್ನ ಕಾಲಿಗೆ ಹಾಕಿ ನೋಡಿದರು. ಮದುವೆಯಾಗಿ ಮೂರು ವರ್ಷದಲ್ಲಿ ಅಷ್ಟು ಹತ್ತಿರ ಅವರ ನೆತ್ತಿ ನೋಡಿದ್ದು ಅದೇ ಮೊದಲು. ಈಗ ಆಫ್ರಿಕಾದ ಆಚೆಗೂ ನಡೆದೇನು.

ನಿನ್ನ
ನೀಲಾ

*

ಮುಂಡರಗಿ
೭ ಜನವರಿ ೧೯೫೦

ನೀಲಾ,

ಹೊಟ್ಟೆಕಿಚ್ಚು ಪಟ್ಟೆ, ಸಮಾಧಾನವಾಯಿತೇ? ಇಲ್ಲಿ ನಿನ್ನ ಭಾವ ಕೊಪ್ಪಳದ ಆಚೆಗೆ ನನ್ನನ್ನು ಕರೆದುಕೊಂಡು ಹೋದವರಲ್ಲ. ಹುಚ್ಚೀರಪ್ಪನವರು ಸೂಜಿಗೆ ಮೂರ್ಛೆ ಹೋದ ಸುದ್ದಿಯನ್ನು ನಾನೂ ಯಾರಿಗೂ ಹೇಳಿಲ್ಲ, ಓಣಿಯ ನಾಲ್ಕು ಮನೆಗೆ ಬಿಟ್ಟು.

ಅಪ್ಪ ನಿಮ್ಮನ್ನು ಕಳಿಸಲು ಮುಂಬೈಗೆ ಬರುತ್ತಾನಂತೆ. ಲಕ್ಷ್ಮೇಶ್ವರದಲ್ಲಿ ಅಂಗಡಿ ಮುಚ್ಚಿ ಅಪ್ಪ ಎಲ್ಲಿಗಾದರೂ ಹೋಗಿದ್ದು ನನಗೆ ನೆನಪಿಲ್ಲ. ನೀನು ಅವನ ಕಿರಿಮಗಳು, ನಡೆಯುತ್ತದೆ.

ಪರದೇಶದಲ್ಲಿ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುತ್ತಾರಂತೆ. ನೀನು ಅದನ್ನು ಕಲಿತು ಬರಬೇಡ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಜ್ಜಿ ಹೇಳಿದ್ದು ಮರೆಯಬೇಡ. ನೀನು ಮರೆಯುವವಳಲ್ಲ ಬಿಡು. ಮದುವೆಯ ದಿನ ನಾವು ಬಾಗಿಲಿಗೆ ಅಡ್ಡ ನಿಂತು ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಹೆಸರು ಹೇಳು ಎಂದು ಎಷ್ಟು ಕಾಡಿದೆವು. ನೀನು ಹೇಳಿದ್ದು ಪಡಸಾಲೆಯ ಬೆಕ್ಕಿಗೂ ಕೇಳಿಸಲಿಲ್ಲ. ಹುಚ್ಚೀರಪ್ಪನವರೇ ನಕ್ಕು, ಹೇಳಿದಳು ಬಿಡ್ರಿ, ನನಗೆ ಕೇಳಿಸಿತು ಎಂದು ನಿನ್ನನ್ನು ಬಿಡಿಸಿದರು.

ಹಾಗೆ ಬಿಡಿಸುವ ಗಂಡ ಸಿಕ್ಕಿದ್ದಾನೆ. ಧೈರ್ಯದಿಂದ ಹೋಗಿ ಬಾ.

ಅಕ್ಕ
ಸಾವಿತ್ರೆವ್ವ

*

ಮುಂಬೈ
೧೬ ಜನವರಿ ೧೯೫೦

ಅಕ್ಕಾ,

ನಾವು ಮುಂಬೈ ಮುಟ್ಟಿದೆವು, ರೊಟ್ಟಿ ಮುಟ್ಟಲಿಲ್ಲ. ಪುಣೆಯಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಬೇಕು. ಆ ಗದ್ದಲದಲ್ಲಿ ಅತ್ತೆ ಎರಡು ದಿನ ಒಲೆಯ ಮುಂದೆ ಕೂತು ಬಡಿದ ಖಡಕ್ ರೊಟ್ಟಿಯ ಗಂಟು ಸಣ್ಣ ಗಾಡಿಯಲ್ಲೇ ಉಳಿಯಿತು. ಅದು ಈಗ ನಮಗಿಂತ ಮೊದಲು ಗದಗ ಸೇರಿರಬೇಕು. ಇವರು ನನ್ನನ್ನು ಬೈದರು, ನಾನು ಹಮಾಲನನ್ನು ಬೈದೆ, ಫಕ್ರುಸಾಬ ಯಾರನ್ನೂ ಬೈಯದೆ ತನ್ನ ಗಂಟು ಬಿಚ್ಚಿ ಮುಂದಿಟ್ಟ. ನಾವು ಅವನ ಕೈಯ ಬಾಳೆಹಣ್ಣು ತಿಂದೆವು. ರೊಟ್ಟಿ ಮಾತ್ರ ಬೇಡವೆಂದರು ಇವರು. ನನಗೆ ಹಸಿವೆ ಜೋರಾಗಿತ್ತು, ಇವರು ನಿದ್ದೆ ಹೋದ ಮೇಲೆ ರಮಜಾನಬಿಯ ರೊಟ್ಟಿಯನ್ನೂ ತಿಂದೆ. ಇದನ್ನು ಓಣಿಗೆ ಹೇಳಬೇಡ.

ಇಲ್ಲಿ ಧರ್ಮಶಾಲೆಯಲ್ಲಿ ಇಳಿದಿದ್ದೇವೆ. ಅಪ್ಪ ದಿನಾ ಬಂದರಿಗೆ ಹೋಗಿ ಹಡಗು ನಿಂತಿದೆಯೋ ಇಲ್ಲವೋ ನೋಡಿ ಬರುತ್ತಾನೆ. ಇವರು ನನ್ನನ್ನು ಟ್ರಾಮಿನಲ್ಲಿ ಕೂರಿಸಿ ಊರೆಲ್ಲ ತೋರಿಸಿದರು. ಒಂದು ಅಂಗಡಿಯಲ್ಲಿ ಮೆಟ್ಟಿಲೇರದೆ ಮೇಲೆ ಹೋಗುವ ಪೆಟ್ಟಿಗೆಯಿದೆ. ಅದು ಎದ್ದ ಕೂಡಲೇ ನಾನು ಇವರ ತೋಳು ಗಟ್ಟಿಯಾಗಿ ಹಿಡಿದೆ. ಇವರು ಬಿಡಿಸಿಕೊಳ್ಳಲಿಲ್ಲ. ಇಳಿಯುವಾಗ ಹೆದರಿಕೆ ಇರಲಿಲ್ಲ, ಆದರೂ ಹಿಡಿದೆ.

ಸಮುದ್ರ ನೋಡಿದೆ. ಮಾಗಡಿ ಕೆರೆಗೆ ಆಚೆ ದಂಡೆಯೇ ಇಲ್ಲದಿದ್ದರೆ ಹೇಗೋ ಹಾಗೆ. ನೀರು ಬಾಯಿಗೆ ಹಾಕಿಕೊಂಡು ಉಗುಳಿದೆ, ಇವರು ನಕ್ಕರು.

ಒಂದು ತಮಾಷೆ ಹೇಳುತ್ತೇನೆ. ದಂಡೆಯ ಮೇಲೆ ಸೇಠರ ಮ್ಯಾನೇಜರ ಸಿಕ್ಕ, ಸೂಟುಬೂಟಿನವನು. ಇವರಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತ ನಿಂತರು. ನಡುವೆ ಆ ಮನುಷ್ಯ ನನ್ನ ಕಡೆ ನೋಡಿ, ಏ ಬಾಯಿ, ಇದನ್ನು ಹಿಡಿ ಎಂದು ತನ್ನ ಚೀಲ ಕೊಟ್ಟ. ನನ್ನನ್ನು ಮನೆಗೆಲಸದವಳು ಎಂದುಕೊಂಡಿರಬೇಕು. ಮಾತು ಮುಗಿಯುವ ತನಕ ಹಿಡಿದು ನಿಂತಿದ್ದೆ. ಇವರಿಗೆ ಬಹಳ ಸಂಕೋಚವಾಗಿರಬೇಕು, ಅದಕ್ಕೇ ಏನೂ ಅನ್ನಲಿಲ್ಲ. ಮರುದಿನ ಮುಂಬೈಯವರ ಹಾಗೆ ಸೀರೆ ಉಡು ಎಂದರು. ಉಟ್ಟು ಧರ್ಮಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಮೊಣಕಾಲು ಬಾತಿದೆ, ಹಡಗಿನಲ್ಲಿ ಇಳಿಯುತ್ತದೆ.

ನಾಡಿದ್ದು ಹೊರಡುತ್ತೇವೆ. ಮುಂದಿನ ಕಾಗದ ಸಮುದ್ರದ ಆಚೆಯಿಂದ.

ನೀಲಾ

*

ಲಕ್ಷ್ಮೇಶ್ವರ
೨೬ ಜನವರಿ ೧೯೫೦

ಅಕ್ಕಾ,

ಕಾಗದ ಸಮುದ್ರದ ಆಚೆಯಿಂದಲ್ಲ, ಅಪ್ಪನ ಅಂಗಡಿಯ ಹಿಂದಿನ ಕೋಣೆಯಿಂದ. ಹೊರಗೆ ಬಾವುಟ ಏರಿಸಿ ಜೈಕಾರ ಹಾಕುತ್ತಿದ್ದಾರೆ, ದೇಶಕ್ಕೆ ಹೊಸ ಕಾಯಿದೆ ಬಂತಂತೆ. ನಾನು ಕದ ಹಾಕಿಕೊಂಡು ಕೂತಿದ್ದೇನೆ. ನೀನು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ.

ಬಂದರದಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ದೇಶ ಎರಡಾದ ಗಲಾಟೆಯಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಹೆಂಡತಿಯೆಂದು ಸುಳ್ಳು ಹೇಳಿ ಸಾಗಿಸಿದರಂತೆ. ಅದಕ್ಕೆ ಪ್ರತಿ ಹೆಂಗಸನ್ನೂ ಗಂಡನಿಂದ ದೂರ ನಿಲ್ಲಿಸಿ ವಿಚಾರಿಸುತ್ತಾರೆ. ಮೇಜಿನ ಹಿಂದೆ ಒಬ್ಬ ಸಾಹೇಬ, ಪಕ್ಕದಲ್ಲಿ ಮರಾಠಿ ಕಾರಕೂನ. ನಿನ್ನ ಹೆಸರು? ಹೇಳಿದೆ. ತಂದೆಯ ಹೆಸರು? ಚನ್ನಬಸವಣ್ಣ ಎಂದೆ. ಗಂಡನ ಹೆಸರು?

ನಾನು ಸುಮ್ಮನೆ ನಿಂತೆ, ಅಕ್ಕ.

ಕಾರಕೂನ ನಕ್ಕ. ಅವರ ಕಡೆಗೂ ಈ ಪದ್ಧತಿ ಇದೆಯಂತೆ, ಒಡಪು ಹಾಕಿಯಾದರೂ ಹೇಳವ್ವಾ ಎಂದ. ಸಾಲಿನಲ್ಲಿದ್ದವರೆಲ್ಲ ನಗತೊಡಗಿದರು. ಸಾಹೇಬ ಮಾತ್ರ ನಗಲಿಲ್ಲ. ಆಚೆ ಗಂಡಸರ ಸಾಲಿನಲ್ಲಿದ್ದ ಇವರನ್ನು ಕರೆಸಿದ. ಇವರು ಬಂದಾಗ ನನಗೆ ಜೀವ ಬಂದ ಹಾಗಾಯಿತು. ಇಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡಿದರು. ಆಮೇಲೆ ಇವರು ನನ್ನ ಹತ್ತಿರ ಬಂದು, "ಸಾಹೇಬ ಒಪ್ಪವಲ್ಲ. ನಿನ್ನ ಬಾಯಿಲೇ ಬರಬೇಕಂತ" ಎಂದರು.

ನಾನು ಬಾಯಿ ತೆರೆದೆ. ಖರೆ ಹೇಳುತ್ತೇನೆ, ಹೇಳುವವಳಿದ್ದೆ. ಮದುವೆಯ ದಿನದ ಹಾಗೆ ಇವರು ಒಮ್ಮೆ ನಕ್ಕಿದ್ದರೆ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಇವರೇ, "ಬ್ಯಾಡ ಬಿಡು, ಹೊತ್ತಾತು. ಮುಂದಿನ ಹಡಗಕ್ಕ ಬಾ" ಎಂದು ಹೊರಟುಬಿಟ್ಟರು. ಒಬ್ಬ ಸಿಪಾಯಿ ನನ್ನನ್ನು ಹೊರಗೆ ತಂದು ಬಿಟ್ಟ. ನನ್ನ ಹಿಂದೆ ಸಾಲಿನಲ್ಲಿದ್ದ ರಮಜಾನಬಿ ತಿರುತಿರುಗಿ ನೋಡುತ್ತಿದ್ದಳು.

ಅಪ್ಪ ಗೇಟಿನ ಹೊರಗೆ ಎರಡು ಹಾರ ಹಿಡಿದು, ಹಡಗಿನ ಮೇಲೆ ನಮ್ಮಿಬ್ಬರನ್ನೂ ಹುಡುಕುತ್ತ ನಿಂತಿದ್ದ. ನಾನು ಹೋಗಿ ಅವನ ಮಗ್ಗುಲಲ್ಲಿ ನಿಂತೆ. ಬಹಳ ಹೊತ್ತು ಅವನಿಗೆ ಗೊತ್ತೇ ಆಗಲಿಲ್ಲ.

ಟ್ರಂಕು ಹಡಗಿನಲ್ಲೇ ಹೋಯಿತು. ನನ್ನ ಸೀರೆ, ಚಟ್ನಿ, ಹಪ್ಪಳ ಎಲ್ಲ ಆಫ್ರಿಕಾ ನೋಡುತ್ತವೆ. ಅದರ ಮೇಲೆ ಹೆಸರು ಬರೆದಿತ್ತಲ್ಲ, ಅದನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ತಪ್ಪು ಅಕ್ಕ. ಒಂದು ಹೆಸರು ಹೇಳಲಾರದೆ ಸಂಸಾರ ಸಮುದ್ರದ ಪಾಲು ಮಾಡಿದೆ.

ನೀಲಾ

*

ಯುಗಾಂಡಾ
೨ ಮಾರ್ಚ್ ೧೯೫೦

ಸೌ. ನೀಲಗಂಗೆಗೆ ಆಶೀರ್ವಾದ.

ನಾನು ಕ್ಷೇಮವಾಗಿ ತಲುಪಿ ಕೆಲಸಕ್ಕೆ ಸೇರಿದ್ದೇನೆ. ಇಲ್ಲಿಯ ಹವೆ ತಂಪು, ಹತ್ತಿ ಒಳ್ಳೆಯ ತರಗತಿಯದು. ಬಂದರದಲ್ಲಿ ನೀನು ಮಾಡಿದ ಕೆಲಸದಿಂದ ಎಲ್ಲರೆದುರು ನನ್ನ ತಲೆ ತಗ್ಗಿತು. ಓದುಬರಹ ಕಲಿತವಳಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಆದದ್ದು ಆಯಿತು, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ.

ಇನ್ನು ಮುಂದೆ ನೀನು ಒಬ್ಬಳೇ ಬರಬೇಕಾದರೆ ಮದುವೆಯಾದದ್ದಕ್ಕೆ ಸರ್ಕಾರದ ದಾಖಲೆ ಬೇಕು. ಮಾಮಲೇದಾರರಿಂದ ತೆಗೆಸಿ ಕಳಿಸು. ಅದು ಬಂದ ಮೇಲೆ ನೋಡೋಣ. ಅಲ್ಲಿಯ ತನಕ ಅವ್ವನ ಸೇವೆ ಮಾಡಿಕೊಂಡು ಬೆಟಗೇರಿಯಲ್ಲೇ ಇರು. ಚಟ್ನಿ ಚೆನ್ನಾಗಿತ್ತು, ಹಡಗಿನಲ್ಲೇ ಮುಗಿಯಿತು.

ಹು. ವೀ. ಹತ್ತಿಕಾಳ

*

ಬೆಟಗೇರಿ
೧೦ ಏಪ್ರಿಲ್ ೧೯೫೦

ಪೂಜ್ಯರ ಪಾದಕ್ಕೆ ನೀಲಗಂಗಾ ಮಾಡುವ ನಮಸ್ಕಾರ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ತಲೆ ತಗ್ಗಿತು ಎಂದು ಬರೆದದ್ದನ್ನು ಮಾತ್ರ ಬಿಟ್ಟು ಓದಿದೆ.

ದಾಖಲೆಗೆ ಅಪ್ಪ ಓಡಾಡುತ್ತಿದ್ದಾನೆ. ನಮ್ಮ ಮದುವೆಯಾದಾಗ ಲಕ್ಷ್ಮೇಶ್ವರ ಸಂಸ್ಥಾನದಲ್ಲಿತ್ತು. ಈಗ ಸಂಸ್ಥಾನವೂ ಇಲ್ಲ, ಅರಸರೂ ಇಲ್ಲ. ಇಲ್ಲಿಯ ಕಚೇರಿಯವರು ಅದು ನಮ್ಮ ಕಾಲದ್ದಲ್ಲ ಎನ್ನುತ್ತಾರೆ. ಸಂಸ್ಥಾನದ ಹಳೆಯ ಕಚೇರಿಯವರು ಆ ಊರು ಈಗ ನಮ್ಮದಲ್ಲ ಎನ್ನುತ್ತಾರೆ. ಆದರೂ ಅಪ್ಪ ಬಿಡುವವನಲ್ಲ.

ಮುಂದಿನ ಸಲ ನಾನು ಖಂಡಿತ ಹೇಳುತ್ತೇನೆ. ಮೊನ್ನೆ ಹಿತ್ತಲ ಬಾವಿಯೊಳಗೆ ಬಗ್ಗಿ ಮೆಲ್ಲಗೆ ಹೇಳಿ ನೋಡಿದೆ. ಬಾವಿ ಅದನ್ನೇ ತಿರುಗಿ ದೊಡ್ಡದಾಗಿ ಹೇಳಿತು. ಹೆದರಿ ಕೊಡ ಬಿಟ್ಟು ಓಡಿದೆ, ಆಮೇಲೆ ನಿಮಗೇನೂ ಆಗದಿರಲೆಂದು ದೀಪ ಹಚ್ಚಿದೆ. ಲಕೋಟೆಯ ಮೇಲೆ ಬರೆಯಲೂ ಕೈ ಏಳುವುದಿಲ್ಲ, ಅಂಚೆಯ ದೇವಪ್ಪನವರಿಂದ ಬರೆಸುತ್ತೇನೆ. ಇಷ್ಟು ಅಂಜುಬುರುಕಿಯನ್ನು ಕಟ್ಟಿಕೊಂಡು ನಿಮಗೆ ತೊಂದರೆಯಾಯಿತು, ಕ್ಷಮಿಸಬೇಕು.

ಟ್ರಂಕಿನ ತಳದಲ್ಲಿ ಹಳದಿ ಅಂಚಿನ ಸೀರೆಯಿದೆ, ನನ್ನ ಅವ್ವ ಸಾಯುವ ಮೊದಲು ಕೊಟ್ಟದ್ದು. ಆಗಾಗ ಬಿಸಿಲಿಗೆ ಹಾಕಿಸಿರಿ.

ನಿಮ್ಮ ಪಾದಸೇವಕಿ
ನೀಲಗಂಗಾ

*

ಬೆಟಗೇರಿ
೨೦ ಜನವರಿ ೧೯೫೨

ಅಕ್ಕಾ,

ಓಟು ಹಾಕಿ ಬಂದೆ. ಕಾರಕೂನ ಪಟ್ಟಿ ನೋಡಿ, ನೀಲಗಂಗವ್ವ ಕೋಂ, ಅಂದರೆ ಇಂಥವರ ಹೆಂಡತಿ, ಎಂದು ಶುರು ಮಾಡಿ ಅವರ ಹೆಸರನ್ನು ಎಲ್ಲರೆದುರು ಜೋರಾಗಿ ಓದಿದ. ಹೌದೆಂದು ತಲೆಯಾಡಿಸಿದೆ. ಎಷ್ಟೋ ದಿನದ ಮೇಲೆ ಆ ಹೆಸರನ್ನೂ ನನ್ನ ಹೆಸರನ್ನೂ ಒಟ್ಟಿಗೆ ಕೇಳಿದೆ. ಇನ್ನೊಮ್ಮೆ ಓದು ಅನ್ನಬೇಕೆನಿಸಿತು. ಬೆರಳಿಗೆ ಮಸಿ ಹಚ್ಚಿ ಕಳಿಸಿದರು.

ದಾಖಲೆ ಅಂತೂ ಹೋದ ವರ್ಷ ಸಿಕ್ಕಿತು, ಕಳಿಸಿದೆ. ಅದರ ಮೇಲೆ ಮೊಹರು ಸರಿಯಿಲ್ಲವಂತೆ. ಬೇರೆ ಕಳಿಸಿದೆ. ಈ ವರ್ಷ ಮಳೆಗಾಲ ಮುಗಿಯಲಿ ಎಂದು ಬರೆದಿದ್ದಾರೆ. ಅಲ್ಲಿ ಮಳೆಗಾಲ ಯಾವಾಗ ಮುಗಿಯುತ್ತದೋ.

ಇಲ್ಲಿ ನನಗೆ ಏನು ಮರ್ಯಾದೆ ಗೊತ್ತೇ? ಯಾವ ಮನೆಯಲ್ಲಿ ಸೋಬಾನೆಯಿದ್ದರೂ ಮೊದಲು ನನಗೆ ಕರೆ. ಗಂಡನ ಹೆಸರು ಹೇಳುವುದಕ್ಕಿಂತ ಹಡಗನ್ನೇ ಬಿಟ್ಟವಳು ಎಂದು ಹೊಸ ಮದುಮಗಳಿಗೆ ನನ್ನ ಕೈಯಿಂದ ಕುಂಕುಮ ಹಚ್ಚಿಸುತ್ತಾರೆ. ಕುರ್ತಕೋಟಿಯಿಂದಲೂ ಬಂದು ಕರೆದುಕೊಂಡು ಹೋದರು. ನಾನು ಕುಂಕುಮ ಹಚ್ಚುತ್ತೇನೆ. ಆ ಹುಡುಗಿಯರ ಕಿವಿಯಲ್ಲಿ, ಯಾರಾದರೂ ಕೇಳಿದರೆ ಹೇಳಿಬಿಡವ್ವಾ ಎನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತದೆ. ಅನ್ನುವುದಿಲ್ಲ.

ನೀಲಾ

*

ಮುಂಡರಗಿ
೧೫ ಮೇ ೧೯೫೩

ನೀಲಾ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಮುಂದಿನ ವಾರ ನನ್ನ ಮೈದುನನ ಮಗಳ ಮದುವೆ. ನೀನು ಬಾ, ಊಟಕ್ಕೆ ಬಾ, ನನ್ನ ಹತ್ತಿರ ನಾಲ್ಕು ದಿನ ಇರು. ಆರತಿಗೆ ಮಾತ್ರ ಮುಂದೆ ಬರಬೇಡ. ನಮ್ಮ ಅತ್ತೆ ಹೇಳುತ್ತಾರೆ, ಮೂರು ವರ್ಷವಾಯಿತು, ಗಂಡ ಕರೆಸಿಕೊಳ್ಳಲಿಲ್ಲ, ಅವಳಲ್ಲಿ ಏನು ಐಬಿದೆಯೋ ಯಾರಿಗೆ ಗೊತ್ತು ಎಂದು. ನಾನು ಜಗಳವಾಡಿದೆ. ನಿನ್ನಾಣೆ, ಆಡಿದೆ. ಆದರೆ ಮದುವೆಯ ಮನೆ, ಎಷ್ಟೆಂದು ಆಡಲಿ?

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ದಿನ ಸಾಹೇಬನ ಹತ್ತಿರ ಹುಚ್ಚೀರಪ್ಪನವರು ಏನು ಮಾತಾಡಿದರು ಎಂದು ನೀನು ಎಂದಾದರೂ ಕೇಳಿದ್ದೀಯಾ?

ಅಕ್ಕ

*

ಬೆಟಗೇರಿ
೨೭ ನವೆಂಬರ್ ೧೯೫೫

ಅಕ್ಕಾ,

ನಿನ್ನ ಮೈದುನನ ಮಗಳ ಮದುವೆಗೆ ನಾನು ಬರಲಿಲ್ಲ, ನೀನು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ. ನಡುವೆ ಬರೆದ ಕಾಗದಗಳಲ್ಲಿ ನಾನು ಮುಲ್ಕಿ ಪರೀಕ್ಷೆ ಪಾಸಾದದ್ದು, ನಾಗಾವಿಯ ಶಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕಿದ್ದು ಹೇಳಿದೆ, ಆ ಒಂದು ಮಾತು ಬಿಟ್ಟು. ಇವತ್ತು ಹೇಳುತ್ತೇನೆ.

ರಮಜಾನಬಿ ಬಂದಿದ್ದಾಳೆ. ಹೆರಿಗೆಗೆ ತವರಿಗೆ ಬಂದವಳು ನಿನ್ನೆ ಮಗಳು ಮುನ್ನಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅತ್ತೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದರು. ರಮಜಾನಬಿ ಅತ್ತೆಗೆ ಅವರ ಮಗನ ಸುದ್ದಿ ಹೇಳಿದಳು. ಚೆನ್ನಾಗಿದ್ದಾರೆ, ಟೆನಿಸ್ ಆಡುತ್ತಾರೆ, ಕ್ಲಬ್ಬಿಗೆ ಹೋಗುತ್ತಾರೆ. ಬೇರೆ ಹೆಣ್ಣು ಯಾರೂ ಇಲ್ಲ. ಆಮೇಲೆ ನನ್ನ ಮುಖ ನೋಡಿ ಅಳತೊಡಗಿದಳು.

"ಬಂದರದಾಗ ನನ್ನೂ ಕೇಳಿದ್ರು ನೀಲವ್ವ. ನಾನೂ ಹೇಳಲಿಲ್ಲ."

ಮತ್ತೆ ನಿನ್ನನ್ನು ಹೇಗೆ ಬಿಟ್ಟರು ಎಂದೆ.

"ನಮ್ಮ ಮುನ್ನಿ ಅಪ್ಪ ಬಂದ್ರು. ಸಾಹೇಬ್ರ, ಇಕಿ ನನ್ನ ಹೆಂ‍ಡ್ತಿ, ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರ ತಗೊಳ್ಳಂಗಿಲ್ಲ ಅಂದ್ರು. ಒಂದು ಸಹಿ ಹಾಕಿಸಿಕೊಂಡ್ರು. ಅಷ್ಟಽ."

ಅಷ್ಟೇ ಅಂತೆ, ಅಕ್ಕ. ಒಂದು ಸಹಿ. ಅದನ್ನೇ ಸಾಹೇಬ ನಮ್ಮವರಿಗೂ ಹೇಳಿದ್ದನಂತೆ, ಇವಳು ನಿನ್ನ ಹೆಂಡತಿಯೆಂದು ಹೇಳಿ ಸಹಿ ಹಾಕು, ಸಾಕು ಎಂದು. ಲಡಾಯಿಯ ಕಾಲಕ್ಕೆ ಫಕ್ರುಸಾಬ ಬಸರಾದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದವನು, ಅವನಿಗೆ ಇಂಗ್ಲಿಷು ತಿಳಿಯುತ್ತದೆ, ನಮ್ಮವರ ಬೆನ್ನಿಗೇ ಬಂದು ಅಲ್ಲೇ ನಿಂತು ಕೇಳಿದ. ನಮ್ಮವರು ಹೇಳಿದ್ದು ಇಷ್ಟು: ಅವಳಿಗೆ ಬರುವ ಮನಸ್ಸಿಲ್ಲ, ಹೇಳಲು ಅಂಜುತ್ತಾಳೆ, ನಾನು ಒತ್ತಾಯ ಮಾಡುವವನಲ್ಲ. ಸಾಹೇಬ ಅವರ ಕೈ ಕುಲುಕಿ ಒಳ್ಳೆಯ ಮನುಷ್ಯ ನೀನು ಅಂದನಂತೆ. ಮಂದಿಯ ಸಂಸಾರದ ಮಾತು ನಮಗೆ ಬೇಡ ಎಂದು ಫಕ್ರುಸಾಬ ಹೆಂಡತಿಯ ಬಾಯಿ ಕಟ್ಟಿದ್ದ. ಅಲ್ಲಿ ಎಲ್ಲರಿಗೂ ಗೊತ್ತಿರುವುದು ಹೆಂಡತಿ ಸಮುದ್ರಕ್ಕೆ ಅಂಜಿ ಕೈಬಿಟ್ಟ ಕಥೆ. ಎಲ್ಲರೂ ಅವರಿಗೆ ಮರುಗಿ ಊಟಕ್ಕೆ ಕರೆಯುತ್ತಾರಂತೆ.

ಮ್ಯಾನೇಜರನ ಚೀಲ ಹಿಡಿದು ನಿಂತ ದಿನವೇ ನನಗೆ ತಿಳಿಯಬೇಕಿತ್ತು. ಆ ಚೀಲ ಹಿಡಿದ ಹೆಂಗಸು ಹೆಂಡತಿಯಾಗಿ ಜೊತೆಗೆ ಇಳಿಯುವುದು ಅವರಿಗೆ ಬೇಡವಾಗಿತ್ತು. ಅದನ್ನು ಬೆಟಗೇರಿಯಲ್ಲೇ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಐದಾರು ವರ್ಷ ನನ್ನ ನಾಲಿಗೆಯನ್ನೇ ಬೈದುಕೊಂಡು ಬದುಕಿದೆನಲ್ಲ, ಅದನ್ನು ಹೇಗೆ ಸಹಿಸಲಿ? ಸುಳ್ಳು ಮೊಹರಿನ ನೆಪಕ್ಕೆ ಅಪ್ಪ ಬಿಸಿಲಲ್ಲಿ ಕಚೇರಿ ಕಚೇರಿ ತಿರುಗಿದ. ಟ್ರಂಕು ಒಯ್ಯಲು ನಾಚಿಕೆಯಾಗಲಿಲ್ಲ ಅವರಿಗೆ.

ಅತ್ತೆ ಮೊರ ಕೆಳಗಿಟ್ಟರು. ಮಗನ ಪರ ಮಾತಾಡುತ್ತಾರೆ ಎಂದುಕೊಂಡೆ. ಎದ್ದು ನನ್ನ ಮುಂದೆ ಬಂದು ನಿಂತರು.

"ಅವಗ ಆ ಹೆಸರ ಇಟ್ಟಾಕಿ ನಾನು. ಅದರಾಗ ಏನೂ ಇಲ್ಲವ್ವಾ ನೀಲಾ. ಹೇಳಿಬಿಡು."

ಹೇಳಿದೆ. ಮುನ್ನಿಗೆ ಕೇಳಿಸಿತು, ಓಣಿಗೆ ಕೇಳಿಸಿತು. ಅತ್ತೆ ಇನ್ನೊಮ್ಮೆ ಅಂದರು, ಇನ್ನೊಮ್ಮೆ ಹೇಳಿದೆ. ಆಮೇಲೆ ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತರು. ನನಗೆ ಅಳು ಬರಲಿಲ್ಲ.

ಈ ಕಾಗದದಲ್ಲಿ ಆ ಹೆಸರು ಬರೆಯುವುದಿಲ್ಲ. ಅದು ಯಾರಿಗೆ ಮುಟ್ಟಬೇಕೋ ಅವರಿಗೆ ಬರೆಯುವ ದಿನ ಬರುತ್ತದೆ.

ನೀಲಾ

*

ಯುಗಾಂಡಾ
೨೩ ಸೆಪ್ಟೆಂಬರ್ ೧೯೫೬

ಸೌ. ನೀಲಗಂಗೆಗೆ ಆಶೀರ್ವಾದ.

ಒಂದು ವರ್ಷದಿಂದ ನಿನ್ನ ಕಾಗದವಿಲ್ಲ. ಶಾಲೆಯ ಕೆಲಸದಲ್ಲಿ ಮರೆತಿರಬೇಕು. ಸಂತೋಷದ ಸುದ್ದಿಯಿದೆ. ಸೇಠರು ಹೊಸ ಬಂಗಲೆಗಳನ್ನು ಕಟ್ಟಿಸಿದ್ದಾರೆ. ಮುಂದೆ ಹೂದೋಟ, ಒಳಗೆ ನಲ್ಲಿ. ಆದರೆ ಸಂಸಾರದೊಂದಿಗೆ ಇರುವವರಿಗೆ ಮಾತ್ರ ಕೊಡುತ್ತಾರೆ. ಈಗ ನಿನ್ನನ್ನು ಕರೆಸಿಕೊಳ್ಳಲು ಅನುಕೂಲ ಕೂಡಿಬಂದಿದೆ. ದಾಖಲೆಯ ತೊಂದರೆ ಇಲ್ಲ, ಹಳೆಯ ಕಾಗದವೇ ನಡೆಯುತ್ತದೆ.

ಡಿಸೆಂಬರಿನಲ್ಲಿ ಮುಂಬೈಗೆ ಬರುತ್ತೇನೆ. ರಜೆ ಕಡಿಮೆ, ಬೆಟಗೇರಿಗೆ ಬರಲು ಆಗದು. ನೀನೇ ಮುಂಬೈಗೆ ಬಾ, ಅವ್ವನಿಗೆ ತಿಳಿಸಿ ಹೇಳು. ಬರುವಾಗ ಮುಂಬೈಯವರ ಹಾಗೆ ಸೀರೆ ಉಡಲು ಅಭ್ಯಾಸ ಮಾಡಿಕೊಂಡಿರು. ಮುಖ್ಯವಾದ ಮಾತು, ಬಂದರದಲ್ಲಿ ಕೇಳಿದರೆ ಈ ಸಲ ಸಂಕೋಚ ಬಿಟ್ಟು ನನ್ನ ಹೆಸರು ಹೇಳಬೇಕು. ಮತ್ತೆ ಮೊದಲಿನ ಹಾಗೆ ಮಾಡಬೇಡ. ಈಚಿನ ಫೋಟೋ ಕಳಿಸಿದ್ದೇನೆ.

ಹು. ವೀ. ಹತ್ತಿಕಾಳ

*

ಬೆಟಗೇರಿ
೩ ನವೆಂಬರ್ ೧೯೫೬

ಹುಚ್ಚೀರಪ್ಪ,

ಹುಚ್ಚೀರಪ್ಪ ವೀರಪ್ಪ ಹತ್ತಿಕಾಳ. ನೋಡು, ಬರೆದೆ. ಲಕೋಟೆಯ ಮೇಲೂ ನಾನೇ ಬರೆದಿದ್ದೇನೆ. ಅಂಚೆಯ ದೇವಪ್ಪನವರು ಅಕ್ಷರ ಚೆನ್ನಾಗಿದೆ ಎಂದರು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಜ್ಜಿ ಕಲಿಸಿದ್ದಳು. ಒಂದು ವರ್ಷದಿಂದ ನೀರು ಸೇದುವಾಗ ದಿನಾ ಬಾವಿಯೊಳಗೆ ಹೇಳುತ್ತಿದ್ದೇನೆ. ಫೋಟೋ ನೋಡಿದೆ, ಮೈ ಕೈ ತುಂಬಿಕೊಂಡು ಚೆನ್ನಾಗಿದ್ದೀ. ಅಜ್ಜಿಯ ಮಾತು ಸುಳ್ಳಾಯಿತು. ಅದನ್ನು ಕಲಿಯಲು ನಾನು ಒಂದು ಹಡಗು ಬಿಡಬೇಕಾಯಿತು.

ಸಾಹೇಬನಿಗೆ ನೀನು ಇಂಗ್ಲಿಷಿನಲ್ಲಿ ಹೇಳಿದ್ದು ಕನ್ನಡದಲ್ಲಿ ನನಗೆ ಮುಟ್ಟಿದೆ. ಯಾರು ಹೇಳಿದರು ಎಂದು ಹುಡುಕಬೇಡ, ಅವರ ಮೇಲೆ ಸಿಟ್ಟು ತೀರಿಸಬೇಡ. ಬರುವ ಮನಸ್ಸಿಲ್ಲದವಳು ಎಂದೆಯಲ್ಲ, ನನಗೆ ಮನಸ್ಸು ಎಷ್ಟಿತ್ತು ಎಂದು ಹೇಳಲೇ? ಹೊಸ ಚಪ್ಪಲಿ ಹಾಕಲು ನೀನು ಬಗ್ಗಿದ ಆ ಒಂದು ಸಲವನ್ನು ನೆನೆನೆನೆದು ಐದಾರು ವರ್ಷ ಕಳೆದೆ. ಅಷ್ಟಿತ್ತು. ಈಗ ನೀನು ಅಂದದ್ದು ಖರೆಯಾಗಿದೆ, ಬರುವ ಮನಸ್ಸಿಲ್ಲ.

ಮೊನ್ನೆ ಇಲ್ಲಿ ಕನ್ನಡ ನಾಡು ಒಂದಾದ ಹಬ್ಬ. ನಾಗಾವಿಯಿಂದ ನನ್ನ ಶಾಲೆಯ ಹುಡುಗಿಯರನ್ನು ಗದಗಿನ ಮೆರವಣಿಗೆಗೆ ಕರೆತಂದಿದ್ದೆ. ನಾಡು ಕೂಡಿತು, ಕರ್ನಾಟಕ ಎಂಬ ಹೆಸರು ಮಾತ್ರ ಇನ್ನೂ ಇಡಲಿಲ್ಲ ಎಂದು ಹಿರಿಯರು ಗೊಣಗಿದರು. ನಿನ್ನ ಅವ್ವ ನನ್ನ ಕೈ ಹಿಡಿದು ದಾರಿಯುದ್ದಕ್ಕೂ ನಡೆದರು. ಅವರು ನನ್ನ ಹತ್ತಿರವೇ ಇರುತ್ತಾರೆ. ಅವರನ್ನು ನೋಡಬೇಕೆನಿಸಿದರೆ ಬೆಟಗೇರಿಗೆ ಬಂದು ನೋಡು, ಮನೆಯ ದಾರಿ ನಿನಗೆ ಗೊತ್ತಿದೆ.

ನನ್ನ ಟ್ರಂಕು ಕಳಿಸು. ಅದರಲ್ಲಿ ನನ್ನ ಅವ್ವನ ಹಳದಿ ಅಂಚಿನ ಸೀರೆಯಿದೆ. ಕಳಿಸುವ ಮೊದಲು ಎರಡೂ ಬದಿಯ ಹೆಸರು ಕೆರೆಸಿ ಹಾಕು.

ಬಂಗಲೆ ಕೊಡುವಾಗ ಸೇಠರು ಕೇಳುತ್ತಾರೆ, ಹಡಗು ಹತ್ತುವಾಗ ಬಂದರದ ಸಾಹೇಬ ಕೇಳುತ್ತಾನೆ, ನಿನ್ನ ಹೆಂಡತಿಯ ಹೆಸರೇನು ಎಂದು. ಸುಮ್ಮನಿರುವುದು ಕಷ್ಟವೇನಲ್ಲ, ನಾನು ಇದ್ದು ನೋಡಿದ್ದೇನೆ. ಈ ಸಲ ನೀನು ಸುಮ್ಮನಿರು.

ನೀಲಗಂಗವ್ವ